“ನೀರು ಎಲ್ಲಿಗೆ ಹೋಗ್ತದೆ ಸಾ?”

ನಮ್ಮ ಮನೆ ಅಂಗಳಕ್ಕೆ ಹೊಸದಾಗಿ ಕಲ್ಲು ಹಾಸೋಕೆ ಕರೆಸಿದ್ದ ಮೇಸ್ತ್ರಿ ಮೊದಲ ದಿನ ಬಂದಾಗ ಕಲ್ಲಿನ ಮಾತೇ ಎತ್ತಲಿಲ್ಲ. ಅಂಗಳಕ್ಕೆ ಒಂದು ಸುತ್ತು ಹಾಕಿದರು. ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಮ್ಮೆ ರಸ್ತೆ ನೋಡಿದರು, ಒಮ್ಮೆ ಮನೆ ನೋಡಿದರು. ಎದ್ದು ಕೈ ಝಾಡಿಸಿಕೊಂಡು ಕೇಳಿದ್ದು ಇಷ್ಟೇ: “ನೀರು ಎಲ್ಲಿಗೆ ಹೋಗ್ತದೆ ಸಾ?”

ನಾನು ಬೆಂಗಳೂರಿನಿಂದ ಮೊಬೈಲ್ ತುಂಬಾ ಅಂಗಳದ ಫೋಟೋ ತುಂಬಿಕೊಂಡು ಬಂದಿದ್ದೆ. ಯಾವ ಬಣ್ಣ, ಯಾವ ಸೈಜು, ಸಂದಿನಲ್ಲಿ ಹುಲ್ಲು ಬೆಳೆಸೋದಾ ಬೇಡವಾ, ಎಲ್ಲ ತಲೆಯಲ್ಲಿತ್ತು. ನೀರಿನ ಯೋಚನೆ ಮಾತ್ರ ಇರಲಿಲ್ಲ. “ಹೊರಗೆ ಹೋಗುತ್ತೆ” ಅಂದೆ. “ಹೊರಗೆ ಅಂದ್ರೆ? ರಸ್ತೆನೇ ನಿಮ್ಮ ಅಂಗಳಕ್ಕಿಂತ ಮೇಲೈತಲ್ಲ” ಅಂದರು.

ನಮ್ಮೂರು ತಿಪಟೂರಿನ ಹತ್ತಿರ. ಮನೆ ಕಟ್ಟಿ ಮೂವತ್ತು ವರ್ಷದ ಮೇಲಾಯಿತು. ಕಟ್ಟಿದಾಗ ಅಂಗಳ ರಸ್ತೆಗಿಂತ ಎತ್ತರದಲ್ಲೇ ಇತ್ತಂತೆ. ಆಮೇಲೆ ರಸ್ತೆಗೆ ಜಲ್ಲಿ ಬಂತು, ಟಾರು ಬಂತು, ಟಾರಿನ ಮೇಲೆ ಇನ್ನೊಮ್ಮೆ ಟಾರು ಬಂತು. ಹಳೆಯದನ್ನು ಕೆರೆದು ಹಾಕುವ ಅಭ್ಯಾಸ ನಮ್ಮ ಕಡೆ ಇಲ್ಲವಲ್ಲ. ರಸ್ತೆ ಏರುತ್ತಾ ಹೋಯಿತು, ಮನೆ ಇದ್ದಲ್ಲೇ ಇತ್ತು. ಈಗ ಅಂಗಳ ರಸ್ತೆಗಿಂತ ಒಂದಿಂಚು ಕೆಳಗೆ. ಮಳೆ ಬಂದರೆ ನೀರು ನಿಲ್ಲುತ್ತೆ, ನಿಂತಲ್ಲಿ ಪಾಚಿ ಕಟ್ಟುತ್ತೆ. ಆ ಪಾಚಿಯ ಮೇಲೇ ಅಪ್ಪ ಹೋದ ಆಷಾಢದಲ್ಲಿ ಜಾರಿ ಬಿದ್ದಿದ್ದು. ಮಂಡಿಗೆ ಪೆಟ್ಟಾಯಿತು, ಮೂಳೆ ಮುರಿಯಲಿಲ್ಲ. ಅವತ್ತೇ ಅಂಗಳ ಕಿತ್ತು ಹೊಸದು ಮಾಡಿಸುವುದು ಅಂತ ತೀರ್ಮಾನವಾಗಿತ್ತು.

ಅಂಗಳ 22 ಅಡಿ ಅಗಲ, ಮನೆಯಿಂದ ಗೇಟಿಗೆ 18 ಅಡಿ. ಹತ್ತಿರ ಹತ್ತಿರ ನಾಲ್ಕು ಚದರ, ಅಂದರೆ ನಾನೂರು ಚದರ ಅಡಿ. ಬಲಕ್ಕೆ ತೆಂಗಿನ ಮರ, ಎಡಕ್ಕೆ ಸಂಪು, ನಡುವೆ ತುಳಸಿಕಟ್ಟೆ.

ಮೇಸ್ತ್ರಿ ಚೀಲದಿಂದ ಮಟ್ಟ ನೋಡುವ ಪ್ಲಾಸ್ಟಿಕ್ ಟ್ಯೂಬು ತೆಗೆದರು. ಒಂದು ತುದಿ ನನ್ನ ಕೈಗೆ ಕೊಟ್ಟು, ನೀರು ತುಂಬಿಸಿ, ಒಳಗೆ ಗಾಳಿಗುಳ್ಳೆ ಇದೆಯಾ ಅಂತ ಬೆರಳಲ್ಲಿ ತಟ್ಟಿ ನೋಡಿದರು. “ಗುಳ್ಳೆ ಇದ್ರೆ ಮಟ್ಟ ಸುಳ್ಳು ಹೇಳ್ತದೆ.” ಗೇಟಿನ ಕಂಬದಲ್ಲಿ ಒಂದು ಗುರುತು, ಮನೆ ಗೋಡೆಯಲ್ಲಿ ಒಂದು ಗುರುತು. ಆಮೇಲೆ ಟೇಪು ಹಿಡಿದು ಬಾಯಲ್ಲೇ ಲೆಕ್ಕ. ಗೇಟಿನ ಹತ್ತಿರ ಅಂಗಳ ರಸ್ತೆಗಿಂತ 4 ಇಂಚು ಮೇಲಿರಬೇಕು. ಅಲ್ಲಿಂದ ಮನೆ ಕಡೆಗೆ 18 ಅಡಿಯಲ್ಲಿ 3 ಇಂಚು ಏರಬೇಕು, ಅಂದರೆ 6 ಅಡಿಗೆ ಒಂದಿಂಚು ವಾಟ, ನೀರು ಹರಿಯುವ ಇಳಿಜಾರು. ಇದಕ್ಕಿಂತ ಕಡಿಮೆಯಾದರೆ ನೀರು ಯೋಚನೆ ಮಾಡುತ್ತಾ ನಿಲ್ಲುತ್ತೆ. ಜಾಸ್ತಿಯಾದರೆ ಅಪ್ಪನಂಥವರಿಗೆ ನಡೆಯುವಾಗ ಹಿಡಿತ ಸಿಗಲ್ಲ.

ಹಾಗೆ ಮಾಡಿದರೆ ಮನೆ ಬಾಗಿಲ ಹತ್ತಿರ ಅಂಗಳ ಈಗಿರುವುದಕ್ಕಿಂತ 8 ಇಂಚು ಮೇಲೆ ಬರುತ್ತೆ. ಆಗ ಮೆಟ್ಟಿಲು ಏನಾಗಬೇಕು? ಇದ್ದಿದ್ದು ಮೂರು ಮೆಟ್ಟಿಲು, ಒಂದೊಂದು 6 ಇಂಚು. 18ರಲ್ಲಿ 8 ಹೋದರೆ 10. “ಐದೈದು ಇಂಚಿನ ಎರಡು ಮೆಟ್ಲು ಮಾಡ್ತೀನಿ. ಯಜಮಾನ್ರ ಮಂಡಿಗೂ ಅದೇ ವಾಸಿ” ಅಂದರು ಮೇಸ್ತ್ರಿ. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆಗ. ಕಲ್ಲು ಯಾವುದು ಅಂತ ಇನ್ನೂ ಮಾತೇ ಆಗಿರಲಿಲ್ಲ.

ಕಲ್ಲಿನ ಮಾತು ಎದ್ದಿದ್ದು ಮಾರನೇ ದಿನ, ಟೀ ಹೊತ್ತಿಗೆ. ಮೇಸ್ತ್ರಿ ಜೊತೆ ಒಬ್ಬ ಹುಡುಗ ಬಂದಿದ್ದ. ಇಪ್ಪತ್ತೇಳು ಇಪ್ಪತ್ತೆಂಟು ವರ್ಷ. ಊರು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆ. ಕಲ್ಲು ಹಾಸುವ ಗ್ಯಾಂಗಿನ ಜೊತೆ ತುಮಕೂರಿಗೆ ಬಂದವನು ಇಲ್ಲೇ ಉಳಿದಿದ್ದಾನೆ. ಮೇಸ್ತ್ರಿ ಅವನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಲೇ ಇಲ್ಲ. ಶಹಾಬಾದ್ ಕಲ್ಲಿನ ಸೀಮೆಯವನು ಅಂತ “ಲೇ ಶಾಬಾದು” ಅಂತಲೇ ಕೂಗುತ್ತಿದ್ದರು. ಅವನು ಅವರನ್ನು “ಕಾಕಾ” ಅನ್ನುತ್ತಿದ್ದ.

ನನ್ನ ಮನಸ್ಸು ಇಂಟರ್‌ಲಾಕ್ ಮೇಲಿತ್ತು, ಒಂದಕ್ಕೊಂದು ಕಚ್ಚಿ ಕೂರುವ ಸಿಮೆಂಟ್ ಬಿಲ್ಲೆಗಳ ಮೇಲೆ. ಬೆಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ತುಂಬಾ ಅದೇ. ಶಾಬಾದು ಬೆಂಗಳೂರಲ್ಲಿ ಅದನ್ನೂ ಹಾಕಿದ್ದವನು, ಅದರ ಒಳ್ಳೆಯದು ಕೆಟ್ಟದ್ದು ಎರಡೂ ಹೇಳಿದ. ನಡೆಯೋಕಷ್ಟೇ ಆದರೆ 60 ಎಂಎಂ ಸಾಕು, ಗಾಡಿ ಬರೋದಾದರೆ 80 ಎಂಎಂ ಬೇಕು. ಕೆಳಗೆ ಡಸ್ಟು, ಅಂದರೆ ಕಲ್ಲುಪುಡಿ, ಹರಡಿ ಮಟ್ಟ ಮಾಡಿ ಜೋಡಿಸೋದು. ಸಿಮೆಂಟಿನ ತಂಟೆ ಇಲ್ಲ, ಕೆಟ್ಟರೆ ಕಿತ್ತು ಮತ್ತೆ ಕೂರಿಸಬಹುದು, ನೀರೂ ಸ್ವಲ್ಪ ಇಂಗುತ್ತೆ. “ಆದ್ರ ಸುತ್ತ ಅಂಚಿಗೆ ಕಲ್ಲು ಗಟ್ಟಿ ಕಟ್ಟಬೇಕ್ರಿ. ಇಲ್ಲಂದ್ರ ಒಂದ್ ಮಳಿಗೆ ಎಲ್ಲಾ ಜರದ್ ಹೋಗ್ತಾವ. ಮತ್ತ ಇರುವಿ ಬಂದು ಸಂದ್ಯಾಗಿನ ಉಸುಕು ಮ್ಯಾಲ ತರ್ತಾವ.”

ಅಮ್ಮ ಅಲ್ಲೇ ಬಾಗಿಲಲ್ಲಿ ನಿಂತಿದ್ದರು. “ಅದರ ಮೇಲೆ ರಂಗೋಲಿ ಹೇಗೆ ಬಿಡೋದು? ಐದೈದು ಇಂಚಿಗೆ ಸಂದು. ಎಳೆ ಎಲ್ಲಾ ಸಂದಿಗೆ ಬಿದ್ದು ಹೋಗುತ್ತೆ. ರಾಗಿ ಒಣಗಿ ಹಾಕಿದರೆ ಅರ್ಧ ಇರುವೆಗೆ.” ಇಂಟರ್‌ಲಾಕ್ ಕಥೆ ಅಲ್ಲಿಗೆ ಮುಗಿಯಿತು.

ಕಡಪ ಕಲ್ಲು ನೋಡೋಕೆ ಚೆಂದ, ಕಪ್ಪಗೆ ಗಂಭೀರವಾಗಿರುತ್ತೆ. ಆದರೆ ಮಾರ್ಚಿನ ಬಿಸಿಲಲ್ಲಿ ಬರಿಗಾಲಿಟ್ಟರೆ ಗೊತ್ತಾಗುತ್ತೆ. ಗ್ರಾನೈಟು ಪಾಲಿಷಿನದು ಅಂದರೆ ಮಳೆಗೆ ಜಾರುತ್ತೆ, ಅಪ್ಪನ ಮುಂದೆ ಆ ಮಾತೇ ಬೇಡ. ಉರುಟು ಚಪ್ಪಡಿ ಹಾಕಿಸಬಹುದಿತ್ತು, ನಮ್ಮ ತಾತನ ಮನೆಯಲ್ಲಿ ಅದೇ ಇತ್ತು. ಆದರೆ ಆ ತೂಕ ಎತ್ತಿ ಕೂರಿಸುವ ಆಳು ಈಗ ಸಿಗಲ್ಲ ಅಂದರು ಮೇಸ್ತ್ರಿ. ಕೊನೆಗೆ ಶಹಾಬಾದ್ ಕಲ್ಲು, ಪಾಲಿಷ್ ಇಲ್ಲದ್ದು, ಅಂಚು ಮಾತ್ರ ಮಷಿನ್‌ನಲ್ಲಿ ಕತ್ತರಿಸಿದ್ದು, 2 ಅಡಿಗೆ 2 ಅಡಿ.

ಹುಡುಗನ ಮುಖ ಅರಳಿತು. “ನಮ್ಮ ಕಡಿ ಮನಿ ಮಾಳಿಗಿಗೂ ಇದ ಕಲ್ಲ ನೋಡ್ರಿ. ಹೊಲದ ಬೇಲಿಗೂ ಇದ, ಕಟ್ಟಿಗೂ ಇದ. ಇದನ್ನ ಸುಟ್ಟು ಪುಡಿ ಮಾಡಿನ ವಾಡಿಯಾಗ, ಸೇಡಂದಾಗ ಸಿಮೆಂಟ್ ಮಾಡ್ತಾರ.” ಹೌದಲ್ಲ, ಶಹಾಬಾದ್ ಕಲ್ಲು ಸುಣ್ಣದಕಲ್ಲು. ಆ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ಸಾಲಾಗಿ ಇರುವುದು ಅದಕ್ಕೇ. ಸುಮಾರು 500 ಕಿಲೋಮೀಟರ್ ಆಚೆಯಿಂದ ಕಲ್ಲೂ ಬಂದಿತ್ತು, ಹುಡುಗನೂ ಬಂದಿದ್ದ.

ಲೆಕ್ಕಕ್ಕೆ 99 ಕಲ್ಲು ಸಾಕು. ಒಡೆಯೋದು, ಕತ್ತರಿಸೋದು ಅಂತ 110 ತರಿಸಿದೆವು. ಒಂದೊಂದು ಹತ್ತಿರ ಹತ್ತಿರ 30 ಕೆಜಿ. ಇಳಿಸುವಾಗ ನಾನು ಒಂದರ ಮೇಲೊಂದು ಮಲಗಿಸೋಕೆ ಹೋದೆ. ಶಾಬಾದು ಓಡಿ ಬಂದ. ಕಲ್ಲನ್ನು ಮಲಗಿಸಬಾರದು, ಅಂಚಿನ ಮೇಲೆ ನಿಲ್ಲಿಸಬೇಕು. ಕೆಳಗೆ ಗೋಣಿಚೀಲ ಹಾಸಿ, ಗೋಡೆಗೆ ಸ್ವಲ್ಪ ಒರಗಿಸಿ ಇಡಬೇಕು. ಇಟ್ಟ ಮೇಲೆ ಅವನು ಒಂದೊಂದನ್ನೂ ಬೆರಳ ಗೆಣ್ಣಿಂದ ಬಡಿದ. ಟಣ್ ಅಂದರೆ ಸರಿ. ಸತ್ತ ದನಿ ಬಂದರೆ ಒಳಗೆ ಪದರ ಬಿಟ್ಟಿದೆ ಅಂತ ಅರ್ಥ, ಅಂಥದ್ದು ಆಚೆಗೆ. ಹಾಗೆ ಮೂರು ಆಚೆಗೆ ಹೋದವು.

ಕೂಲಿ ದಿನದ ಲೆಕ್ಕ. ಮೇಸ್ತ್ರಿಗೆ 1,000, ಶಾಬಾದಿಗೂ ಅಷ್ಟೇ, ಕೈಯಾಳಿಗೆ 700. ಶನಿವಾರ ಬಟವಾಡೆ. ಗುತ್ತಿಗೆ ಕೊಟ್ಟಿದ್ದರೆ ಕಡಿಮೆಗೆ ಆಗುತ್ತಿತ್ತೋ ಏನೋ. ಆದರೆ ಮೇಸ್ತ್ರಿ ತಾವೇ ಬೇಡ ಅಂದರು. “ಗುತ್ತಿಗೆ ಅಂದ್ರೆ ನನಗೂ ಓಡೋ ಬುದ್ಧಿ ಬರ್ತದೆ ಸಾ.” ಇಷ್ಟು ನೇರವಾಗಿ ಮಾತಾಡುವವರು ಆಫೀಸಲ್ಲಿ ನನಗೆ ಇದುವರೆಗೆ ಸಿಕ್ಕಿಲ್ಲ.

ಮೊದಲ ಎರಡು ದಿನ ಹಳೇ ನೆಲ ಕೀಳುವ ಕೆಲಸ. ಮೂರನೇ ದಿನ ಕೈಯಾಳು ಬರಲಿಲ್ಲ. ಅವನ ಊರಲ್ಲಿ ಜಾತ್ರೆಯಂತೆ. ನಾನು ಹೇಗೂ ಮೂರು ವಾರ ರಜೆ ಹಾಕಿ ಬಂದಿದ್ದೆ. “ನಾನೇ ಮಾಡ್ತೀನಿ” ಅಂದೆ. ಮೇಸ್ತ್ರಿ ನನ್ನ ಅಂಗೈ ನೋಡಿ ನಕ್ಕರು. ಬೇಡ ಅನ್ನಲಿಲ್ಲ.

ಪಿಕಾಸಿ ಹಿಡಿದ ಹತ್ತೇ ನಿಮಿಷಕ್ಕೆ ಅಂಗೈ ಉರಿ. ನಾನು ನೆಲದ ಮೇಲೆ ಸಿಟ್ಟು ತೀರಿಸಿಕೊಳ್ಳುವ ಹಾಗೆ ಹೊಡೆಯುತ್ತಿದ್ದೆನಂತೆ. “ಎತ್ತೋದು ನಿಮ್ಮ ಕೆಲಸ ಸಾ. ಬೀಳೋದು ಅದರ ಕೆಲಸ. ಬೀಳುವಾಗ ಹಿಡಿ ಸಡಿಲ ಬಿಡಿ.” ಬಿಟ್ಟು ನೋಡಿದೆ. ನಿಜಕ್ಕೂ ಅರ್ಧ ಶ್ರಮ ಕಡಿಮೆಯಾಯಿತು. ಬಾಂಡ್ಲಿ ಎತ್ತುವಾಗಲೂ ಹಾಗೇ. ನಡು ಬಗ್ಗಿಸಿ ಎತ್ತಿದರೆ ಸಂಜೆಗೆ ಮಲಗುವ ಹಾಗಿಲ್ಲ, ಮಂಡಿ ಬಗ್ಗಿಸಿ ಕೂತು ಎತ್ತಬೇಕು. ಎಲ್ಲ ಗೊತ್ತಾಗುವಷ್ಟರಲ್ಲಿ ನನ್ನ ನಡು ಆಗಲೇ ಹೋಗಿತ್ತು, ಅದು ಬೇರೆ ಮಾತು.

ಹಳೇ ಗಾರೆ, ಅದರ ಕೆಳಗಿನ ಇಟ್ಟಿಗೆ ಚೂರು, ಮೆತ್ತನೆ ಮಣ್ಣು ಸೇರಿ 4 ಇಂಚು ತೆಗೆದೆವು. ಎರಡು ಟ್ರಾಕ್ಟರ್ ಲೋಡ್ ಆಚೆ ಹೋಯಿತು, ಎರಡು ಲೋಡ್ ಗ್ರಾವೆಲ್ ಮಣ್ಣು ಒಳಗೆ ಬಂತು. ಮನೆ ಕಡೆ 5 ಇಂಚು, ಗೇಟಿನ ಕಡೆ 2 ಇಂಚು ದಪ್ಪಕ್ಕೆ ಹರಡಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಯೋದು. ಚೌಕದ ಕಬ್ಬಿಣದ ತಟ್ಟೆ, ಅದಕ್ಕೊಂದು ಉದ್ದನೆ ಹಿಡಿ. ಎತ್ತು, ಬಿಡು. ಎತ್ತು, ಬಿಡು. ವಾಟ ಶುರುವಾಗೋದು ಕಲ್ಲಲ್ಲಿ ಅಲ್ಲ, ಈ ಮಣ್ಣಲ್ಲೇ. ಮೇಲೆ ಬರುವ ಕಾಂಕ್ರೀಟೂ ಕಲ್ಲೂ ಎಲ್ಲ ಕಡೆ ಒಂದೇ ದಪ್ಪ.

ತಪ್ಪು ಮಾಡಿದ್ದು ಇಲ್ಲೇ. ನಾನು ಮಾಡಿದ ತಪ್ಪು.

ಸಂಪು ತೋಡಿಸಿ ಮೂರು ವರ್ಷವಾಗಿತ್ತು. ತೋಡಿದ ಮೇಲೆ ಗೋಡೆ ಸುತ್ತ ಉಳಿದ ಸಂದಿಗೆ ಸುಮ್ನೆ ಮಣ್ಣು ತಳ್ಳಿ ಮುಚ್ಚಿದ್ದರು. ಮೇಸ್ತ್ರಿ ಆ ಮೂಲೆಯಲ್ಲಿ ಹಾರೆ ನಿಲ್ಲಿಸಿ ಒಂದು ಸಲ ಒತ್ತಿದರು. ಬೆಣ್ಣೆಗೆ ಚಾಕು ಇಳಿದ ಹಾಗೆ ಒಂದಡಿ ಇಳಿಯಿತು. “ಇಲ್ಲಿ ಎರಡಡಿ ತೆಗೀಬೇಕು ಸಾ. ಆರಾರು ಇಂಚು ಮಣ್ಣು ಹಾಕಿ, ನೀರು ಬಿಟ್ಟು, ದಿಮ್ಮಸು ಹೊಡ್ದು, ಒಂದು ವಾರ ಬಿಡಬೇಕು.”

ಒಂದು ವಾರ ಎಲ್ಲಿಂದ ತರೋದು? ಮಾರ್ಚಿ 12ಕ್ಕೆ ತಂಗಿಯ ಸೀಮಂತ ಇತ್ತು. ಅಂಗಳದಲ್ಲೇ ಶಾಮಿಯಾನ, ಅಲ್ಲೇ ಊಟ. ನೆಂಟರಿಗೆ ಫೋನ್ ಹೋಗಿಯಾಗಿತ್ತು. ಮೇಲೆ ಕಾಂಕ್ರೀಟ್ ಬರುತ್ತಲ್ಲ, ನಾಲ್ಕಿಂಚು ಕಾಂಕ್ರೀಟ್ ಸಾಲದಾ ಅಂತ ಕೇಳಿದೆ. ಮೇಸ್ತ್ರಿ ಬೀಡಿ ಹಚ್ಚಿದರು. “ನಿಮ್ಮನೆ ಸಾ, ನಿಮ್ಮಿಷ್ಟ” ಅಂದರು. ಆ ಮಾತಿಗೆ ನಮ್ಮ ಕಡೆ ಏನರ್ಥ ಅಂತ ನನಗೆ ಗೊತ್ತಿಲ್ಲದೇ ಏನಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಸುಮ್ಮನಾದೆ. ಆ ಮೂಲೆಗೆ ಮೇಲಿಂದ ಮೇಲೆ ನಾಲ್ಕು ಏಟು ಜಾಸ್ತಿ ಹೊಡೆದು ಮುಂದೆ ಹೋದೆವು.

ಕಾಂಕ್ರೀಟು ಒಂದು ಪಾಲು ಸಿಮೆಂಟಿಗೆ ನಾಲ್ಕು ಮರಳು, ಎಂಟು ಜಲ್ಲಿ. ದಪ್ಪ ಜಲ್ಲಿ, 40 ಎಂಎಂದು. ಒಂದೇ ದಿನಕ್ಕೆ 13 ಮೂಟೆ ಸಿಮೆಂಟ್ ಖಾಲಿ. ನಡೆಯೋ ಅಂಗಳಕ್ಕೆ ಇಷ್ಟು ಯಾಕೆ ಅಂದರೆ, ನಮ್ಮ ಮನೆಗೆ ವರ್ಷಕ್ಕೆ ಎರಡು ಮೂರು ಸಲ ತೆಂಗಿನಕಾಯಿ ತುಂಬಿಕೊಂಡು ಲಗೇಜ್ ಆಟೋ ಒಳಗೆ ಬರುತ್ತೆ. ತೆಂಗಿನ ಮರದ ಸುತ್ತ ಮಾತ್ರ ಮೂರಡಿ ಹಾಗೇ ಬಿಟ್ಟೆವು. ಬೇರಿಗೆ ನೀರು ಬೇಕು ಅನ್ನೋದು ಒಂದು ಕಾರಣ. ಇನ್ನೊಂದನ್ನು ಮೇಸ್ತ್ರಿ ತಲೆ ಎತ್ತಿ ಗೊನೆ ತೋರಿಸಿ ಹೇಳಿದರು: “ಅಲ್ಲಿಂದ ಒಂದು ಕಾಯಿ ಬಿದ್ರೆ ಯಾವ ಶಾಬಾದೂ ಉಳಿಯಕ್ಕಿಲ್ಲ.” ಹುಡುಗ ತನಗೇ ಹೇಳಿದ್ದು ಅಂದುಕೊಂಡು ಮರದ ಕೆಳಗಿಂದ ಎದ್ದು ಈಚೆ ಬಂದ.

ಎರಡು ದಿನ ಕಾಂಕ್ರೀಟಿಗೆ ನೀರು ಹೊಡೆದು, ಮೂರನೇ ದಿನ ಕಲ್ಲಿಗೆ ಕೈ ಹಾಕಿದೆವು. ಅಲ್ಲೊಂದು ಹೊಸ ತಲೆನೋವು. ಮೂರಡಿ, ನಾಲ್ಕಡಿ, ಐದಡಿಯ ತ್ರಿಕೋನ ಹಿಡಿದು ಮೂಲೆ ಲಂಬವಾಗಿದೆಯಾ ಅಂತ ನೋಡಿದರೆ ಕಾಂಪೌಂಡು ಮನೆಗೆ ಸಮವಾಗಿಲ್ಲ. ಮನೆಯಿಂದ ಗೇಟಿಗೆ ಹೋಗುವಷ್ಟರಲ್ಲಿ 5 ಇಂಚು ಒಳಕ್ಕೆ ತಿರುಗಿದೆ. ಮೂವತ್ತು ವರ್ಷ ಆ ಅಂಗಳದಲ್ಲಿ ಓಡಾಡಿದ್ದೇವೆ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಲ್ಲು ಹಾಸಿದರೆ ಬೀಳುತ್ತೆ, ಯಾಕಂದರೆ ಸಂದಿನ ಗೆರೆ ಎಲ್ಲ ಹೇಳಿಬಿಡುತ್ತೆ. ಓರೆಯಾಗಿ ಕತ್ತರಿಸಿದ ಸಾಲನ್ನು ಎಲ್ಲಿ ಬಚ್ಚಿಡೋದು? ಇದರ ಮೇಲೆ ಕಾಕಾಗೂ ಹುಡುಗನಿಗೂ ಅರ್ಧ ಗಂಟೆ ವಾದ. ಹುಡುಗ ಎರಡೂ ಬದಿಗೆ ಹಂಚೋಣ ಅಂದ. ಮೇಸ್ತ್ರಿ ಬಾಗಿಲಲ್ಲಿ ನಿಂತು, “ಮನೆಯಿಂದ ಈಚೆ ಬಂದೋರ ಕಣ್ಣು ಮೊದ್ಲು ಎಲ್ಲಿಗೆ ಹೋಗ್ತದೆ?” ಅಂದರು. ಗೇಟಿಗೆ. ಹಾಗಾಗಿ ಬಾಗಿಲಿಂದ ಗೇಟಿಗೆ ಹೋಗುವ ಸಾಲು ಪೂರ್ತಿ ಕಲ್ಲಿನದು. ಕತ್ತರಿಸಿದ್ದೆಲ್ಲ ಕಾಂಪೌಂಡಿನ ಬುಡಕ್ಕೆ, ಅಮ್ಮನ ಹೂಕುಂಡ ಬರುವ ಕಡೆಗೆ.

ಕಲ್ಲು ಕೂರಿಸೋದು ನೋಡೋಕೆ ಸುಲಭ. ದಾರ ಕಟ್ಟಿರುತ್ತೆ, ಆದರೆ 22 ಅಡಿ ದಾರ ನಡುವೆ ಜೋಲುತ್ತೆ, ಗಾಳಿಗೆ ಅಲ್ಲಾಡುತ್ತೆ. ಅದಕ್ಕೆ ಮಧ್ಯ ಒಂದು ಕಲ್ಲು ಮೊದಲೇ ಕೂರಿಸಿ ದಾರಕ್ಕೆ ಆಸರೆ ಕೊಟ್ಟರು. ಮಾಲು, ಅಂದರೆ ಸಿಮೆಂಟು ಮರಳು ಕಲಸಿದ ಗಾರೆ, ಒಂದಕ್ಕೆ ಆರು. ನಾನು ಮೊದಲ ಸಲ ಕಲಸಿದ್ದು ಪಾಯಸದ ಹಾಗಿತ್ತು. ಶಾಬಾದು ಒಂದು ಹಿಡಿ ಎತ್ತಿ ಹಿಂಡಿ ತೋರಿಸಿದ. ಬೆರಳ ಸಂದಿಯಿಂದ ನೀರು ಸೋರಿತು. “ಉಂಡಿ ಕಟ್ಟಿದ್ರ ನಿಲ್ಲಬೇಕ್ರಿ, ನೀರ್ ಇಳೀಬಾರ್ದು. ಇದರ ಮ್ಯಾಲ ಕಲ್ಲಿಟ್ರ ಈಜ್ತೈತಿ.” ಅದಕ್ಕೆ ಇನ್ನೆರಡು ಬಾಂಡ್ಲಿ ಒಣ ಮಾಲು ಸೇರಿಸಿ ಸರಿ ಮಾಡಿದ. ಒಂದು ಗಂಟೆಯೊಳಗೆ ಖರ್ಚಾಗುವಷ್ಟೇ ಕಲಸಬೇಕು. ಬಿಗಿಯಾಯಿತು ಅಂತ ಮತ್ತೆ ನೀರು ಹಾಕಿ ತಿರುವಿದರೆ ಅದಕ್ಕೆ ಜೀವ ಇರಲ್ಲ.

ಶಹಾಬಾದ್ ಕಲ್ಲು ಪದರ ಪದರವಾಗಿ ಎದ್ದು ಬರುವ ಕಲ್ಲು. ದಪ್ಪ ಒಂದೇ ಸಮ ಇರಲ್ಲ. ಒಂದು ಮೂಲೆ ಒಂದಿಂಚು ಇದ್ದರೆ ಇನ್ನೊಂದು ಮೂಲೆ ಒಂದೂವರೆ. ಅದಕ್ಕೆ ಪ್ರತಿ ಕಲ್ಲಿಗೂ ಅದರದೇ ಹಾಸಿಗೆ ಮಾಡಬೇಕು. ಮೊದಲು ಕಲ್ಲಿನ ಬೆನ್ನು ಒದ್ದೆ ಬ್ರಷ್ಷಿನಲ್ಲಿ ತೊಳೆಯೋದು. ಧೂಳಿದ್ದರೆ ಸಿಮೆಂಟು ಹಿಡಿಯೋದು ಧೂಳನ್ನು, ಕಲ್ಲನ್ನಲ್ಲ. ಮಾಲು ಹರಡಿ ಕಲ್ಲಿಟ್ಟು ರಬ್ಬರ್ ಸುತ್ತಿಗೆಯಲ್ಲಿ ತಟ್ಟೋದು. ಆಮೇಲೆ ಇಟ್ಟ ಕಲ್ಲನ್ನೇ ಮತ್ತೆ ಎತ್ತೋದು. ಇದು ನನಗೆ ಅರ್ಥವಾಗಲಿಲ್ಲ. ಕೂತಿರೋದನ್ನು ಯಾಕೆ ಎತ್ತಬೇಕು? ಎತ್ತಿದರೆ ಕೆಳಗೆ ಮಾಲಿನಲ್ಲಿ ಎಲ್ಲಿ ಒತ್ತಿದೆ, ಎಲ್ಲಿ ತಾಗಿಲ್ಲ ಅಂತ ಅಚ್ಚು ಕಾಣುತ್ತೆ. ತಾಗದ ಕಡೆ ಕರಣೆಯಲ್ಲಿ ಮಾಲು ತುಂಬಿ, ಮೇಲೆ ಸಿಮೆಂಟ್ ಹಾಲು ಸುರಿದು, ಮತ್ತೆ ಕಲ್ಲಿಟ್ಟು ತಟ್ಟಿ, ರಸಮಟ್ಟ ಇಟ್ಟು ನೋಡಬೇಕು. ಸಂದು ಪೆನ್ಸಿಲ್ ದಪ್ಪ. ಕೊನೆಗೆ ಸುತ್ತಿಗೆ ಹಿಡಿಯಿಂದ ಕಲ್ಲಿನ ಐದು ಕಡೆ ತಟ್ಟಿ ಕೇಳೋದು. ಎಲ್ಲಾದರೂ ಡಬ್ ಅಂದರೆ ಒಳಗೆ ಟೊಳ್ಳು, ಮತ್ತೆ ಕೀಳು. ಹೀಗೆ 30 ಕೆಜಿ ಕಲ್ಲನ್ನು ಎರಡು ಸಲ, ಒಮ್ಮೊಮ್ಮೆ ಮೂರು ಸಲ ಎತ್ತಿ ಇಳಿಸಬೇಕು. ದಿನಕ್ಕೆ ಇಪ್ಪತ್ತು ಕಲ್ಲು ಕೂತರೆ ಹೆಚ್ಚು.

ಮಂಡಿಯೂರಿ ಮಾಡುವ ಕೆಲಸ ಇದು. ಮೇಸ್ತ್ರಿ ಗೋಣಿಚೀಲ ಮಡಚಿ ಮಂಡಿ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಶಾಬಾದು ಹಳೇ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ, ಸೈಕಲ್ ಟ್ಯೂಬಿನ ಚೂರಿನಲ್ಲಿ ಮಂಡಿಗೆ ಕಟ್ಟಿಕೊಂಡಿದ್ದ. ನನಗೂ ಒಂದು ಜೊತೆ ಮಾಡಿಕೊಟ್ಟ. ಕೈಗೆ ರಬ್ಬರ್ ಗ್ಲೌಸ್ ತಂದಿದ್ದೆ. ಅದರೊಳಗೆ ಸಿಮೆಂಟ್ ನೀರು ಹೋಗಿ, ಬೆವರಿನ ಜೊತೆ ಸೇರಿ, ಸಂಜೆಗೆ ಬೆರಳ ಸಂದೆಲ್ಲ ಕೆಂಪಗೆ ಸುಟ್ಟ ಹಾಗಾಯಿತು. ಸಿಮೆಂಟು ಸುಣ್ಣದ ಜಾತಿ ತಾನೇ, ತಿನ್ನುತ್ತೆ. ಇವರಿಬ್ಬರೂ ಬೆಳಿಗ್ಗೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ಮಾಲಿಗೆ ಕೈ ಹಾಕುತ್ತಿದ್ದರು, ಸಂಜೆ ತೊಳೆದು ಮತ್ತೆ ಸವರುತ್ತಿದ್ದರು. ತಿಪಟೂರು ಸೀಮೆಯಲ್ಲಿ ಎಣ್ಣೆಗೇನು ಬರ. ಆದರೂ ಮೇಸ್ತ್ರಿಯ ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಷಿನ್ ತಗೊಳ್ಳಲ್ವಂತೆ. “ನಾನು ನಾನೇ ಅಂತ ಅದಕ್ಕೆ ನಂಬಿಕೆ ಇಲ್ಲ ಸಾ” ಅಂದು ನಕ್ಕರು.

ಲೇಬರ್ ಕಾರ್ಡಿನ ಮಾತು ಬಂದಿದ್ದೂ ಹಾಗೇ ಒಂದು ಟೀ ಹೊತ್ತಲ್ಲಿ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು 18ರಿಂದ 60 ವರ್ಷದವರಿಗೆ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು, ಅದಕ್ಕೆ ಕಾಗದ ಬೇಕು. ಶಾಬಾದು ವರ್ಷಕ್ಕೆ 250 ದಿನ ಕೆಲಸ ಮಾಡುವವನು. ಆದರೆ ನಮ್ಮನೆಯಲ್ಲಿ 14 ದಿನ, ಇನ್ನೊಬ್ಬರಲ್ಲಿ 6 ದಿನ. “ಒಬ್ರ ಮನ್ಯಾಗ 90 ದಿನ ಮಾಡಾಕ ನಾ ಏನ್ ಅರಮನಿ ಕಟ್ಟಾಕತ್ತೀನೇನ್ರಿ?” ಅಂದ. ನಮ್ಮ 14 ದಿನಕ್ಕೆ ನಾನು ಒಂದು ಕಾಗದ ಬರೆದು ಸಹಿ ಹಾಕಿ ಕೊಟ್ಟೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಮೊಬೈಲ್ ಕವರಿನೊಳಗೆ ಇಟ್ಟ. ಅಲ್ಲಿ ಅಂಥವು ಆಗಲೇ ಮೂರ್ನಾಲ್ಕು ಇದ್ದವು.

ಕಲ್ಲು ಪೂರ್ತಿ ಕೂತ ಎರಡು ದಿನಕ್ಕೆ ಸಂದು ತುಂಬಿದ್ದಾಯಿತು. ಒಂದಕ್ಕೆ ಮೂರು, ಜರಡಿ ಹಿಡಿದ ಮರಳು. ಗೋಡೆ ಪಕ್ಕ ಅರ್ಧ ಇಂಚು ಬಿಟ್ಟು ಅಲ್ಲಿ ಬರೀ ಮರಳು ತುಂಬಿದರು. ಬಿಸಿಲಿಗೆ ನೆಲ ಹಿಗ್ಗಿದರೆ ಗೋಡೆ ತಳ್ಳಬಾರದಲ್ಲ. ಆಮೇಲೆ ಮೇಲೆ ಗೋಣಿ ಹಾಸಿ ಏಳು ದಿನ ನೀರು. ಈ ಕೆಲಸ ಅಪ್ಪ ತಾವಾಗಿಯೇ ವಹಿಸಿಕೊಂಡರು. ಕುರ್ಚಿ ಹಾಕಿಕೊಂಡು, ಪೈಪು ಹಿಡಿದುಕೊಂಡು, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ.

ಅಲ್ಲಲ್ಲಿ ಸಿಮೆಂಟಿನ ಬಿಳಿ ಕಲೆ ಉಳಿದಿತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದಾಗ ಆಸಿಡ್ ಹಾಕಿ ಉಜ್ಜಿ ಅಂದರು. ಬಾಟಲಿ ತಂದೇಬಿಟ್ಟಿದ್ದೆ. ಶಾಬಾದು ಒಡೆದ ಚೂರೊಂದರ ಮೇಲೆ ನಾಲ್ಕು ಹನಿ ಬಿಟ್ಟು ತೋರಿಸಿದ. ಬುಸುಬುಸು ಅಂತ ನೊರೆ ಎದ್ದಿತು. ಒರೆಸಿದರೆ ಆ ಜಾಗ ಮಾಸಿ, ಒರಟಾಗಿ, ಬೆಳ್ಳಗಾಗಿತ್ತು. ಸುಣ್ಣದಕಲ್ಲಿಗೆ ಹುಳಿ ಆಗಲ್ಲ. ನಿಂಬೆಹಣ್ಣಿನ ರಸವೂ ಕಲೆ ಮಾಡುತ್ತೆ. ಅಮ್ಮನಿಗೆ ಇದು ನಿಜಕ್ಕೂ ಬೇಜಾರಿನ ಸುದ್ದಿ. ಹಬ್ಬಕ್ಕೆ ಮುಂಚೆ ಹಿತ್ತಾಳೆ ಪಾತ್ರೆಗಳನ್ನೆಲ್ಲ ಅಂಗಳದಲ್ಲಿ ಹರಡಿಕೊಂಡು ಹುಣಸೆಹಣ್ಣಿನಲ್ಲಿ ಉಜ್ಜುವುದು ಅವರ ಎಷ್ಟೋ ವರ್ಷಗಳ ಪದ್ಧತಿ. ಈಗ ಆ ಕೆಲಸ ಹಿತ್ತಿಲಿಗೆ ಹೋಗಿದೆ. ಸಿಮೆಂಟ್ ಕಲೆಯನ್ನು ತೆಂಗಿನ ನಾರು, ಮರಳು, ನೀರು ಹಾಕಿ ಉಜ್ಜಿದೆ. ಎರಡು ದಿನ ಹಿಡಿಯಿತು.

ಸೀಮಂತ ಚೆನ್ನಾಗಿ ನಡೆಯಿತು. ಬಂದವರೆಲ್ಲ ಅಂಗಳ ನೋಡಿ ಹೊಗಳಿದರು. ನಾನು ಎರಡು ಇಂಚು ಉಬ್ಬಿದ್ದೆ.

ಏಪ್ರಿಲ್ ಮೂರನೇ ವಾರ ಮೊದಲ ಜೋರು ಮಳೆ. ಬೆಂಗಳೂರಲ್ಲಿದ್ದೆ. ಅಮ್ಮ ಫೋನ್ ಮಾಡಿ, “ನೀರೆಲ್ಲ ಚೆನ್ನಾಗಿ ಹರಿದು ಹೋಯಿತು ಕಣೋ. ಸಂಪಿನ ಹತ್ತಿರ ಮಾತ್ರ ಒಂದು ತಟ್ಟೆಯಷ್ಟು ನಿಂತಿದೆ” ಅಂದರು. ಮುಂದಿನ ಮಳೆಗೆ ತಟ್ಟೆ ಹೋಗಿ ಪರಾತ ಆಯಿತು. ಮೇ ಹೊತ್ತಿಗೆ ಅಲ್ಲಿ ಕಲ್ಲಿನ ಅಂಚುಗಳು ಕಾಲಿಗೆ ತಡೆಯತೊಡಗಿದ್ದವು.

ಮೇಸ್ತ್ರಿಗೆ ಫೋನ್ ಮಾಡೋಕೆ ನನಗೆ ಎರಡು ದಿನ ಬೇಕಾಯಿತು. ನಾನು ಪೀಠಿಕೆ ಹಾಕುವಷ್ಟರಲ್ಲಿ ಅವರೇ ಕೇಳಿದರು, “ಎಷ್ಟು ಕಲ್ಲು?”

“ಏಳೋ ಎಂಟೋ.”

“ಸಂಪಿನ ಮೂಲೆ ತಾನೇ?”

“ಹೂಂ.”

“ಭಾನುವಾರ ಬರ್ತೀನಿ. ನೀವೂ ಬನ್ನಿ, ಕೈಯಾಳಿಲ್ಲ.”

ಹೋದೆ. ಕೂರಿಸಿದ ಕಲ್ಲನ್ನು ಕೀಳೋದು ಕೂರಿಸೋದಕ್ಕಿಂತ ಕಷ್ಟ. ಟೊಳ್ಳಾಗದ ಹಾಗೆ ಅಷ್ಟು ಚೆನ್ನಾಗಿ ತುಂಬಿದ್ದೆವಲ್ಲ, ಬಿಡೋದೇ ಇಲ್ಲ ಅಂದಿತು. ಸಂದನ್ನು ಮಷಿನ್‌ನಲ್ಲಿ ಕೊಯ್ದು, ಹಾರೆ ಮೀಟಿ ಎಬ್ಬಿಸಿದಾಗ ಎಂಟರಲ್ಲಿ ಮೂರು ಮುರಿದವು. ಕೆಳಗಿನ ಕಾಂಕ್ರೀಟ್ ಅಡ್ಡಕ್ಕೆ ಸೀಳಿತ್ತು. ಅದರ ಚೂರೊಂದನ್ನು ಎತ್ತಿದೆ. ಕೆಳಗೆ ಮಣ್ಣೇ ಇಲ್ಲ. ನನ್ನ ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಮಳೆ ನೀರು ಗೋಡೆ ಪಕ್ಕದ ಮರಳಿನ ಸಂದಿಯಿಂದ ಇಳಿದು, ಸಡಿಲ ಮಣ್ಣನ್ನು ಒಂದು ಗೇಣು ಕುಗ್ಗಿಸಿತ್ತು. ಕಾಂಕ್ರೀಟು ಗಾಳಿಯ ಮೇಲೆ ನಿಂತಿತ್ತು. ಮೇಸ್ತ್ರಿ ಬಗ್ಗಿ ನೋಡಿದರು. ಅವತ್ತೇ ಹೇಳಿದ್ದೆ ಅಂತ ಒಂದು ಮಾತು ಅನ್ನಲಿಲ್ಲ. ಅಂದುಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಎರಡಡಿ ಮಣ್ಣು ತೆಗೆದೆ. ಆರಾರು ಇಂಚು ತುಂಬಿ ದಿಮ್ಮಸು ಹೊಡೆದೆ. ಈ ಸಲ ನನ್ನ ಕೈಯಾರೆ, ಪೂರ್ತಿ. ಒಂದು ವಾರ ಬಿಟ್ಟು ಕಾಂಕ್ರೀಟು, ಆಮೇಲೆ ಕಲ್ಲು. ಅಷ್ಟಕ್ಕೆ ಆದ ಖರ್ಚಿನಲ್ಲಿ ಸೀಮಂತವನ್ನು ಛತ್ರದಲ್ಲಿ ಮಾಡಬಹುದಿತ್ತು ಅಂತ ಅಮ್ಮ ಲೆಕ್ಕ ಹಾಕಿ ಹೇಳಿದರು. ಉಳಿದಿದ್ದ ಕಲ್ಲಲ್ಲಿ ಮೂರು ಹೊಸದು ಹಾಕಿದೆವು. ಅವು ಇನ್ನೂ ಬಿಸಿಲು ಕಂಡಿರಲಿಲ್ಲ, ಬಣ್ಣ ಬೇರೆ, ಕಡುಬೂದು. ಈಗಲೂ ಗೇಟಿನಿಂದ ನೋಡಿದರೆ ಆ ಮೂರು ಎದ್ದು ಕಾಣುತ್ತವೆ. ಅದರಲ್ಲೊಂದರ ಮೇಲೆ ಅಮ್ಮ ದಾಸವಾಳದ ಕುಂಡ ಇಟ್ಟಿದ್ದಾರೆ.

ಡಿಸೆಂಬರಿನಲ್ಲಿ ನಮ್ಮ ರಸ್ತೆಗೆ ಮತ್ತೆ ಟಾರು ಬಂತು, ಹಳೆಯದರ ಮೇಲೇ. ಆ ಭಾನುವಾರ ನಾನು ಟೇಪು ಹಿಡಿದು ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆ. ಟಿವಿಎಸ್ ಮೇಲೆ ಕರಣೆ ಚೀಲ ನೇತುಹಾಕಿಕೊಂಡು ಮೇಸ್ತ್ರಿ ಬಂದರು. ಗಾಡಿ ಆಫ್ ಮಾಡದೇ, ಒಂದು ಕಾಲು ನೆಲಕ್ಕೂರಿ, ರಸ್ತೆ ನೋಡಿದರು, ಅಂಗಳ ನೋಡಿದರು.

“ಇನ್ನೂ ಎರಡಿಂಚು ಐತೆ ಬಿಡಿ ಸಾ” ಅಂದು ಹೊರಟುಹೋದರು. ಟೇಪಿನಲ್ಲೂ ಎರಡೇ ಇತ್ತು.